ಹಳೆ ಬೆಲೆ, ಹೊಸ ಬೆಳೆ



ಇವತ್ತು ಈರುಳ್ಳಿಯ ಬಗ್ಗೆ ನಾಲ್ಕು ಮಾತು. ಅದನ್ನು ಬೆಳೆಯುವುದು ಹೇಗೆ ಎಂದು ಹೇಳಲು ನಾನು ಇಲ್ಲಿ ಕೂತಿಲ್ಲ. ಅದು ಚಳ್ಳಕೆರೆಯವರಿಗೂ ಗದಗಿನವರಿಗೂ ನನಗಿಂತ ಚೆನ್ನಾಗಿ ಗೊತ್ತು. ದೆಹಲಿಯಲ್ಲಿ ಹೊರಡುವ ಒಂದು ಪುಟದ ಆದೇಶ ನಮ್ಮ ಹೊಲಕ್ಕೂ ಮಂಡಿಗೂ ಬಂದು ಮುಟ್ಟುವುದು ಹೇಗೆ? ಯಾವ ಪಕ್ಷ ಆಳಿದರೂ ಆ ಆದೇಶ ಒಂದೇ ಥರ ಇರುತ್ತದಲ್ಲ, ಅದು ಯಾಕೆ? ನನ್ನ ವಿಷಯ ಇಷ್ಟೇ.

2020ರ ಸೆಪ್ಟೆಂಬರ್ ತಿಂಗಳನ್ನು ನೆನಪಿಸಿಕೊಳ್ಳಿ. ಕೊರೊನಾ ಕಾಲ. ಸೆಪ್ಟೆಂಬರ್ 14, ಸೋಮವಾರ. ಸಂಸತ್ತಿನ ಅಧಿವೇಶನ ಶುರುವಾದ ದಿನ. ಅಂದೇ ವಿದೇಶ ವಾಣಿಜ್ಯ ಮಹಾನಿರ್ದೇಶನಾಲಯದಿಂದ ಒಂದು ಅಧಿಸೂಚನೆ ಹೊರಟಿತು. ಈರುಳ್ಳಿ ರಫ್ತು ಬಂದ್. ತಕ್ಷಣದಿಂದಲೇ ಜಾರಿ. ಬಾಂಗ್ಲಾದೇಶದ ಗಡಿಯಲ್ಲಿ, ಪೆಟ್ರಾಪೋಲ್ ಚೆಕ್‌ಪೋಸ್ಟಿನ ಬಳಿ, ಈರುಳ್ಳಿ ತುಂಬಿದ ಲಾರಿಗಳು ನಿಂತಲ್ಲೇ ನಿಂತವು.

ಮರುದಿನ ಮಂಗಳವಾರ. ಲೋಕಸಭೆ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅಗತ್ಯ ವಸ್ತುಗಳ ತಿದ್ದುಪಡಿ ಮಸೂದೆ. ಮುಂದೆ ಬಹಳ ಗಲಾಟೆಯಾದ ಮೂರು ಕೃಷಿ ಕಾನೂನುಗಳಲ್ಲಿ ಇದೂ ಒಂದು. ಅದರ ಸಾರ ಹೀಗಿತ್ತು: ಧಾನ್ಯ, ಬೇಳೆಕಾಳು, ಎಣ್ಣೆಕಾಳು, ಆಲೂಗಡ್ಡೆ, ಈರುಳ್ಳಿ ಇವುಗಳ ವ್ಯಾಪಾರದಲ್ಲಿ ಸರ್ಕಾರ ಇನ್ನು ಮುಂದೆ ಸುಮ್ಮಸುಮ್ಮನೆ ಕೈಹಾಕುವುದಿಲ್ಲ. ಯುದ್ಧವಾಗಬೇಕು, ಬರ ಬರಬೇಕು, ಇಲ್ಲವೇ ಬೆಲೆ ವಿಪರೀತ ಏರಬೇಕು. ಆಗ ಮಾತ್ರ ಕೈಹಾಕುತ್ತದೆ. ರೈತ ಸ್ವತಂತ್ರ, ವ್ಯಾಪಾರಿ ಸ್ವತಂತ್ರ.

ಅಂದರೆ ಸೋಮವಾರ ಕೈಹಾಕಿದರು, ಮಂಗಳವಾರ ಕೈಹಾಕುವುದಿಲ್ಲ ಎಂದು ಮಸೂದೆ ಪಾಸು ಮಾಡಿದರು. ಒಂದೇ ಸರ್ಕಾರ. ಅಲ್ಲಿಂದ ಆರು ವಾರವೂ ಕಳೆಯಲಿಲ್ಲ, ಅಕ್ಟೋಬರ್ 23ಕ್ಕೆ ದಾಸ್ತಾನು ಮಿತಿ ಬಂತು. ಸಗಟು ವ್ಯಾಪಾರಿ 25 ಟನ್, ಚಿಲ್ಲರೆ ವ್ಯಾಪಾರಿ 2 ಟನ್. ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಇದನ್ನು ಕೇಳಿ ಬಿಜೆಪಿಯವರು ಹೀಗೆ, ಕಾಂಗ್ರೆಸ್ಸಿನವರಾಗಿದ್ದರೆ ಹಾಗಿರುತ್ತಿರಲಿಲ್ಲ ಎಂದುಕೊಳ್ಳಬೇಡಿ. 2010ರ ಡಿಸೆಂಬರಿನಲ್ಲಿ ಬೆಲೆ ಏರಿದಾಗ ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರವೂ ರಫ್ತು ನಿಲ್ಲಿಸಿತ್ತು. 2019ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪ್ರಣಾಳಿಕೆ ಏನು ಹೇಳಿತ್ತು ಗೊತ್ತೇ? ಎಪಿಎಂಸಿ ಕಾಯ್ದೆ ರದ್ದು ಮಾಡುತ್ತೇವೆ, ರಫ್ತೂ ಸೇರಿದಂತೆ ಕೃಷಿ ವ್ಯಾಪಾರವನ್ನು ಎಲ್ಲ ನಿರ್ಬಂಧಗಳಿಂದ ಬಿಡಿಸುತ್ತೇವೆ ಎಂದಿತ್ತು. ಮರುವರ್ಷ ಬಿಜೆಪಿ ಹೆಚ್ಚುಕಡಿಮೆ ಅದೇ ದಾರಿಯ ಕಾನೂನು ತಂದಾಗ ಅದೇ ಕಾಂಗ್ರೆಸ್ ಬೀದಿಗಿಳಿದು ವಿರೋಧಿಸಿತು. ವಿರೋಧಕ್ಕೆ ಬೇರೆ ಕಾರಣಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಒಟ್ಟಿನಲ್ಲಿ ಅಧಿಕಾರದಲ್ಲಿದ್ದವರಿಗೆ ಕೊಳ್ಳುವವರ ಚಿಂತೆ, ಹೊರಗಿದ್ದವರಿಗೆ ಬೆಳೆಯುವವರ ಚಿಂತೆ. ಕುರ್ಚಿ ಬದಲಾದರೆ ಚಿಂತೆಯೂ ಬದಲಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ. ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಈರುಳ್ಳಿಯ ಪಾಲು ನೂರಕ್ಕೆ ಒಂದೂ ಇಲ್ಲ. ಇಷ್ಟು ಸಣ್ಣ ಸಾಮಾನಿಗೆ ಸರ್ಕಾರಗಳು ಇಷ್ಟೊಂದು ಹೆದರುವುದೇಕೆ?

ಉತ್ತರ ಎರಡು ಚುನಾವಣೆಗಳಲ್ಲಿದೆ. ಮೊದಲನೆಯದು 1980ರ ಜನವರಿಯದು. ಜನತಾ ಪಕ್ಷ ಒಡೆದಿತ್ತು, ಚರಣ್ ಸಿಂಗ್ ಉಸ್ತುವಾರಿ ಪ್ರಧಾನಿಯಾಗಿದ್ದರು. ಇಂದಿರಾ ಗಾಂಧಿಯವರ ಪ್ರಚಾರದಲ್ಲಿ ಈರುಳ್ಳಿಯ ಬೆಲೆ ದೊಡ್ಡ ಅಸ್ತ್ರವಾಯಿತು. ಅವರು ಗೆದ್ದರು. ಎರಡನೆಯದು 1998ರ ನವೆಂಬರಿನ ದೆಹಲಿ ವಿಧಾನಸಭಾ ಚುನಾವಣೆ. ಅಲ್ಲಿ ಈರುಳ್ಳಿ ಕಿಲೋಗೆ 50 ರೂಪಾಯಿಯ ಆಸುಪಾಸಿಗೆ ಹೋಗಿತ್ತು. ಆ ಕಾಲದ 50 ರೂಪಾಯಿ, ನೆನಪಿರಲಿ. ಸುಷ್ಮಾ ಸ್ವರಾಜ್ ಮುಖ್ಯಮಂತ್ರಿಯಾಗಿ ಕೆಲವು ವಾರಗಳಷ್ಟೇ ಆಗಿದ್ದವು. ಬಿಜೆಪಿ ಸೋತಿತು. ಸೋಲಿಗೆ ಕಾರಣ ಈರುಳ್ಳಿ ಒಂದೇ ಅಲ್ಲ. ಆದರೆ ರಾಜಕಾರಣಿಗಳ ಮನಸ್ಸಿನಲ್ಲಿ ಉಳಿದದ್ದು ಅದೊಂದೇ. ಅಂದಿನಿಂದ ಬೆಲೆ ಏರುವ ಸೂಚನೆ ಕಂಡರೆ ಸಾಕು, ಎಲ್ಲ ಪಕ್ಷದವರಿಗೂ ಹಳೆಯ ಭಯ ಮರುಕಳಿಸುತ್ತದೆ.

ಈ ಕತೆಯ ಇನ್ನೊಂದು ಮಗ್ಗುಲನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಈರುಳ್ಳಿ ತುಟ್ಟಿ ಎಂದು ಓಟು ಬಿದ್ದ ಅದೇ 1980ರಲ್ಲಿ ಮಹಾರಾಷ್ಟ್ರದ ರೈತರು ಈರುಳ್ಳಿಗೆ ಬೆಲೆಯೇ ಇಲ್ಲವೆಂದು ರಸ್ತೆಗಿಳಿದಿದ್ದರು. ಪುಣೆ ಹತ್ತಿರದ ಚಾಕಣ್‌ನಲ್ಲಿ ಶುರುವಾದ ಚಳವಳಿ ಅದು. ಮುಂದೆ ನಿಂತವರು ಶೇತ್ಕರಿ ಸಂಘಟನೆಯ ಶರದ್ ಜೋಶಿ. ಇತ್ತ ನಮ್ಮಲ್ಲಿ ನರಗುಂದ, ನವಲಗುಂದದ ರೈತ ಬಂಡಾಯವೂ ಅದೇ ವರ್ಷದ್ದೇ. ಪೇಟೆಯ ಸಿಟ್ಟು ಸರ್ಕಾರಗಳಿಗೆ ಪಾಠವಾಯಿತು. ಹಳ್ಳಿಯ ಸಿಟ್ಟು ಸ್ಮಾರಕವಾಯಿತು.

ಸರಿ. ಪಕ್ಷ ಯಾವುದಾದರೂ ಆದೇಶ ಒಂದೇ ಎಂದು ನೋಡಿದೆವು. ಆ ಭಯ ಎಲ್ಲಿಂದ ಬಂತು ಎಂದೂ ನೋಡಿದೆವು. ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಆ ಆದೇಶ ಬರುವ ಹೊತ್ತು ಯಾವುದು? ನನ್ನ ಇಡೀ ತಕರಾರು ಇರುವುದು ಅಲ್ಲೇ.

ಈರುಳ್ಳಿಯ ವರ್ಷವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ದೇಶದ ಈರುಳ್ಳಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಹಿಂಗಾರಿನದು. ಮಾರ್ಚ್‌ನಿಂದ ಮೇವರೆಗೆ ಕಿತ್ತು ಬರುತ್ತದೆ. ಚೆನ್ನಾಗಿ ಒಣಗಿದ ಗಡ್ಡೆ. ನಾಸಿಕ್ ಕಡೆ ಅದನ್ನು ಗಾಳಿಯಾಡುವ ಉದ್ದನೆಯ ಚಾಳ್‌ಗಳಲ್ಲಿ ತುಂಬಿಡುತ್ತಾರೆ. ನಾಲ್ಕೈದು ತಿಂಗಳು ತಾಳುತ್ತದೆ. ಇಡೀ ದೇಶ ಬೇಸಿಗೆಯಲ್ಲಿ, ಮಳೆಗಾಲದಲ್ಲಿ ತಿನ್ನುವುದು ಇದನ್ನೇ. ಆಗಸ್ಟ್ ದಾಟಿತೆಂದರೆ ಚಾಳ್ ಬರಿದಾಗುತ್ತ ಬರುತ್ತದೆ, ಉಳಿದದ್ದು ಮೊಳೆಯುತ್ತದೆ, ಕೊಳೆಯುತ್ತದೆ. ಬೆಲೆ ಏರತೊಡಗುತ್ತದೆ.

ಸರಿಯಾಗಿ ಆ ಹೊತ್ತಿಗೆ ಬರುವುದು ಯಾರ ಬೆಳೆ? ನಮ್ಮದು. ಚಿತ್ರದುರ್ಗ, ಗದಗ, ಧಾರವಾಡ, ವಿಜಯಪುರ, ಬಾಗಲಕೋಟೆಯ ಮುಂಗಾರು ಬೆಳೆ. ಮೇ, ಜೂನ್, ಜುಲೈನಲ್ಲಿ ಬಿತ್ತಿದ್ದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಾರುಕಟ್ಟೆಗೆ ಬರುತ್ತದೆ. ಇದು ಹಸಿ ಗಡ್ಡೆ. ನೀರಿನಂಶ ಜಾಸ್ತಿ, ಇಟ್ಟರೆ ನಿಲ್ಲುವುದಿಲ್ಲ. ಕಿತ್ತ ಕೆಲವೇ ವಾರಗಳಲ್ಲಿ ಮಾರಲೇಬೇಕು.

ಈಗ ನಿಷೇಧದ ತಾರೀಖುಗಳನ್ನು ಕೇಳಿ. 2019: ಸೆಪ್ಟೆಂಬರ್ 29. 2020: ಸೆಪ್ಟೆಂಬರ್ 14. 2023ರಲ್ಲಿ ಆಗಸ್ಟ್ 19ಕ್ಕೆ ಶೇಕಡಾ 40ರಷ್ಟು ರಫ್ತು ಸುಂಕ, ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ, ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ. ಎಲ್ಲವೂ ಮುಂಗಾರು ಬೆಳೆ ಬರುವ ಬಾಗಿಲಲ್ಲೇ, ಇಲ್ಲವೇ ಬಂದು ನಿಂತ ಮೇಲೆ. ಆದೇಶ ಹುಟ್ಟುವುದು ಹಳೆ ಬೆಳೆಯ ಬೆಲೆ ನೋಡಿ. ಬಂದು ಬೀಳುವುದು ಹೊಸ ಬೆಳೆಯ ಮೇಲೆ. ಹಳೆ ಗಡ್ಡೆಗೆ ಒಳ್ಳೆ ಬೆಲೆ ಸಿಕ್ಕಿದ್ದು ದಾಸ್ತಾನು ಇಟ್ಟವನಿಗೆ. ಅದರ ದಂಡ ಕಟ್ಟುವವನು ಚಳ್ಳಕೆರೆಯಲ್ಲಿ ಇವತ್ತು ಗಡ್ಡೆ ಕೀಳಿಸುತ್ತಿರುವವನು.

ನೀವು ಕೇಳಬಹುದು: ರಫ್ತಾಗುವುದೇ ಕಡಿಮೆ, ಅದು ನಿಂತರೆ ಅಂಥ ಏನು ನಷ್ಟ ಎಂದು. ನ್ಯಾಯವಾದ ಪ್ರಶ್ನೆ. ದೇಶದಲ್ಲಿ ವರ್ಷಕ್ಕೆ ಸುಮಾರು 250ರಿಂದ 300 ಲಕ್ಷ ಟನ್ ಈರುಳ್ಳಿ ಬೆಳೆಯುತ್ತದೆ. ಹೊರಗೆ ಹೋಗುವುದು 15ರಿಂದ 25 ಲಕ್ಷ ಟನ್. ನೂರು ಚೀಲಕ್ಕೆ ಏಳೆಂಟು ಚೀಲ ಅನ್ನಿ. ಆದರೆ ಬೆಲೆ ನಿರ್ಧಾರವಾಗುವುದು ಆ ಏಳೆಂಟು ಚೀಲದಲ್ಲೇ. ಮದುವೆಮನೆಯಲ್ಲಿ ನೂರು ಎಲೆಗೆ ಅಡುಗೆಯಾಗಿ ತೊಂಬತ್ತು ಜನ ಬಂದರೆ ಉಳಿದ ಹತ್ತು ಎಲೆಯ ಊಟವನ್ನು ಸಂಜೆಯೊಳಗೆ ಯಾರಿಗಾದರೂ ಕೊಟ್ಟುಬಿಡಬೇಕು. ಈರುಳ್ಳಿಯ ಪಾಡೂ ಅದೇ. ಬೆಲೆ ಇಳಿಯಿತೆಂದು ಯಾರೂ ಸಾರಿಗೆ ಎರಡರಷ್ಟು ಈರುಳ್ಳಿ ಹಾಕುವುದಿಲ್ಲ. ಹಸಿ ಗಡ್ಡೆ ಕಾಯುವುದೂ ಇಲ್ಲ. ಹೆಚ್ಚಿಗೆ ಉಳಿದ ಏಳೆಂಟು ಚೀಲ ಉಳಿದೆಲ್ಲ ಚೀಲಗಳ ಬೆಲೆಯನ್ನೂ ಎಳೆದುಕೊಂಡು ಇಳಿಯುತ್ತದೆ.

2023ರ ಡಿಸೆಂಬರಿನಲ್ಲಿ ಇದು ನಡೆದೇ ಹೋಯಿತು. ಏಷ್ಯಾದಲ್ಲೇ ದೊಡ್ಡ ಈರುಳ್ಳಿ ಮಾರುಕಟ್ಟೆ ಎಂದು ಹೆಸರಾದ, ನಾಸಿಕ್ ಕಡೆಯ ಲಾಸಲಗಾಂವ್‌ನಲ್ಲಿ ನಿಷೇಧದ ನಂತರದ ಎರಡು ಮೂರು ವಾರಗಳಲ್ಲಿ ಸಗಟು ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಕುಸಿಯಿತು. ರೈತರು ಹರಾಜು ನಿಲ್ಲಿಸಿದರು. ಚಾಂದವಡದಲ್ಲಿ ಮುಂಬೈ-ಆಗ್ರಾ ಹೆದ್ದಾರಿ ತಡೆದರು.

ಇಲ್ಲಿಯವರೆಗೆ ನಾನು ಹೇಳಿದ್ದು ಎಲ್ಲರೂ ತಿನ್ನುವ ಈರುಳ್ಳಿಯ ಮಾತು. ಈಗ ನಮ್ಮಲ್ಲಿ ಯಾರೂ ಅಷ್ಟಾಗಿ ತಿನ್ನದ ಈರುಳ್ಳಿಯ ಕಡೆ ಬರೋಣ. ನನ್ನನ್ನು ಕೇಳಿದರೆ, ರಾಜಕೀಯದ ಆದೇಶ ಹೇಗೆ ಕಣ್ಣುಮುಚ್ಚಿ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇನ್ನೊಂದಿಲ್ಲ.

ಬೆಂಗಳೂರು ಗುಲಾಬಿ ಈರುಳ್ಳಿ. ರೋಸ್ ಈರುಳ್ಳಿ ಎಂದೇ ಹೆಚ್ಚು ಬಳಕೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ ಭಾಗದ ಬೆಳೆ. ನೋಡದವರಿಗೆ ಹೇಳುತ್ತೇನೆ: ದೊಡ್ಡ ಗೋಲಿಗಿಂತ ಸ್ವಲ್ಪ ದಪ್ಪ, ತಳ ಚಪ್ಪಟೆ, ಬಣ್ಣ ಗಾಢ ಕೆಂಪು. ಅಂಗೈಯಲ್ಲಿ ಐದಾರು ಹಿಡಿಸುತ್ತವೆ. ಖಾರ ಜೋರು. 2015ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ನಮ್ಮ ಹುಳಿ, ಪಲ್ಯಕ್ಕೆ ಇದನ್ನು ಕೊಳ್ಳುವವರು ತೀರ ಕಡಿಮೆ. ಬೆಳೆದದ್ದರಲ್ಲಿ ಬಹುಪಾಲು ಚೆನ್ನೈ ಬಂದರಿನ ಮೂಲಕ ಮಲೇಷ್ಯಾ, ಸಿಂಗಪುರ, ಇಂಡೋನೇಷ್ಯಾ, ಶ್ರೀಲಂಕಾಗಳಿಗೆ ಹೋಗುತ್ತದೆ. ರೈತ ಬಿತ್ತುವುದೇ ರಫ್ತಿಗೆಂದು.

ದೆಹಲಿಯಲ್ಲಿ ಈರುಳ್ಳಿ ತುಟ್ಟಿಯಾಯಿತು. ಈರುಳ್ಳಿ ರಫ್ತು ನಿಲ್ಲಿಸಿದರು. ಈರುಳ್ಳಿ ಎಂದರೆ ಎಲ್ಲ ಈರುಳ್ಳಿ. ಚಿಂತಾಮಣಿಯ ರೈತನ ರೋಸ್ ಈರುಳ್ಳಿಯೂ ನಿಂತಿತು. ಅದನ್ನು ಇಲ್ಲಿ ತಡೆದರೆ ದೆಹಲಿಯ ಗೃಹಿಣಿಗೆ ಒಂದು ರೂಪಾಯಿಯ ಉಪಕಾರವೂ ಇಲ್ಲ, ಆಕೆ ಅದನ್ನು ಕೊಳ್ಳುವವಳೇ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಇದು ಸರ್ಕಾರಕ್ಕೆ ತಿಳಿಯದ ವಿಷಯವೇನಲ್ಲ. ಮತ್ತೆ ಮತ್ತೆ ವಿನಾಯಿತಿ ಬಂದಿದೆ. ಬಂದದ್ದು ಯಾವಾಗ ಎನ್ನುವುದನ್ನು ಗಮನಿಸಿ. 2019ರಲ್ಲಿ ನಿಷೇಧ ಸೆಪ್ಟೆಂಬರ್ ಕೊನೆಗೆ. ರೋಸ್ ಈರುಳ್ಳಿಗೆ ವಿನಾಯಿತಿ ಅಕ್ಟೋಬರ್ ಕೊನೆಗೆ, ಅದೂ 9 ಸಾವಿರ ಟನ್ನಿಗೆ, ನವೆಂಬರ್ ಮುಗಿಯುವುದರೊಳಗೆ ಕಳಿಸಬೇಕು, ಚೆನ್ನೈ ಬಂದರಿನಿಂದ ಮಾತ್ರ. 2020ರಲ್ಲಿ ನಿಷೇಧವಾಗಿ ಮೂರೂವರೆ ವಾರದ ಮೇಲೆ 10 ಸಾವಿರ ಟನ್ನಿಗೆ ಅಪ್ಪಣೆ. 2023ರಲ್ಲಿ ಸುಂಕ ಬಿದ್ದದ್ದು ಆಗಸ್ಟ್ 19ಕ್ಕೆ, ರೋಸ್ ಈರುಳ್ಳಿಗೆ ಅದರಿಂದ ಬಿಡುಗಡೆ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. 2024ರಲ್ಲೂ ಮೇ ತಿಂಗಳ ಆರಂಭದಲ್ಲಿ ಸುಂಕ, ತಿಂಗಳ ಕೊನೆಗೆ ವಿನಾಯಿತಿ. ವಿನಾಯಿತಿಗೆ ಷರತ್ತು ಬೇರೆ: ಇದು ರೋಸ್ ಈರುಳ್ಳಿಯೇ ಹೌದು, ಇಷ್ಟೇ ಪ್ರಮಾಣ ಎಂದು ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕು.

ನಾಲ್ಕು ಸಲ ಅದೇ ತಪ್ಪು, ನಾಲ್ಕು ಸಲ ಅದೇ ತಿದ್ದುಪಡಿ, ನಡುವೆ ಸುಮಾರು ಒಂದು ತಿಂಗಳ ಅಂತರ. ಆ ತಿಂಗಳಲ್ಲಿ ಏನಾಗುತ್ತದೆ? ಗಡ್ಡೆ ಬಲಿಯುತ್ತದೆ. ಬಲಿತದ್ದನ್ನು ಮಣ್ಣಲ್ಲೇ ಬಿಟ್ಟರೆ ಮಳೆಗೆ ಕೊಳೆಯುತ್ತದೆ. ಕಿತ್ತರೆ ಕೊಳ್ಳುವವನಿಲ್ಲ. ಸಿಂಗಪುರದ ವ್ಯಾಪಾರಿ ಇನ್ನೊಂದು ದೇಶಕ್ಕೆ ಫೋನ್ ಮಾಡುತ್ತಾನೆ. ಮೂಲ ಆದೇಶದಲ್ಲೇ ‘ರೋಸ್ ಈರುಳ್ಳಿಯನ್ನು ಹೊರತುಪಡಿಸಿ’ ಎಂಬ ಪದಗಳನ್ನು ಸೇರಿಸಿದ್ದರೆ ಆಗಿತ್ತು. 2023ರ ಅಕ್ಟೋಬರಿನ ಕನಿಷ್ಠ ರಫ್ತು ಬೆಲೆಯ ಆದೇಶದಲ್ಲಿ ಹಾಗೆ ಸೇರಿಸಿಯೂ ಇದ್ದರು. ಅಂದರೆ ಕೈಲಾಗದ ಕೆಲಸವಲ್ಲ.

ಇನ್ನೂ ಒಂದು ತೊಡಕು. ಕೃಷಿ ರಾಜ್ಯದ ವಿಷಯ, ರಫ್ತು ಕೇಂದ್ರದ ವಿಷಯ. ಹಾಗಾಗಿ ಬೆಂಗಳೂರಿನಲ್ಲಿ ಯಾವ ಪಕ್ಷ ಕೂತಿದ್ದರೂ ಮಾಡಬಹುದಾದದ್ದು ದೆಹಲಿಗೆ ಪತ್ರ ಬರೆಯುವುದು. ವಿಧಾನಸಭಾ ಚುನಾವಣೆಯಲ್ಲಿ ಈರುಳ್ಳಿಗೆ ಬೆಲೆ ಕೊಡಿಸುತ್ತೇನೆ ಎನ್ನುವ ಅಭ್ಯರ್ಥಿಯ ಕೈಯಲ್ಲಿ ಬೀಗದ ಕೈ ಇಲ್ಲವೇ ಇಲ್ಲ.

ಕೇಳುಗರೇ, ಬೆಲೆ ಏರಿದಾಗ ಸರ್ಕಾರ ಏನು ಮಾಡುತ್ತದೆ ಎಂದು ಇಷ್ಟು ಹೊತ್ತು ನೋಡಿದೆವು. ಇಳಿದಾಗ?

2022ರ ನವೆಂಬರಿನಲ್ಲಿ ಒಂದು ಚೀಟಿ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಪತ್ರಿಕೆಗಳಲ್ಲೂ ಬಂತು. ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯ ಮಾರಾಟದ ಚೀಟಿ. ಗದಗ ಜಿಲ್ಲೆಯ ರೈತರೊಬ್ಬರು ನಾನೂರು ಕಿಲೋಮೀಟರಿಗೂ ದೂರದಿಂದ ಉಳ್ಳಾಗಡ್ಡಿ ತಂದಿದ್ದರು. ಚೀಟಿಯನ್ನು ನಿಧಾನವಾಗಿ ಓದುತ್ತೇನೆ, ಲೆಕ್ಕ ಹಾಕಿಕೊಳ್ಳಿ. ತೂಕ 205 ಕಿಲೋ. ದರ ಕ್ವಿಂಟಲಿಗೆ 200 ರೂಪಾಯಿ. ಒಟ್ಟು 410 ರೂಪಾಯಿ. ಅದರಲ್ಲಿ ಲಾರಿ ಬಾಡಿಗೆ ಸುಮಾರು 378 ಕಳೆಯಿರಿ. ಹಮಾಲಿ 24 ಕಳೆಯಿರಿ. ರೈತನ ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ರೇಡಿಯೋದಲ್ಲಿ ಅಂಕಿಗಳನ್ನು ದುಂಡಗೆ ಮಾಡಿ ಹೇಳುವುದು ವಾಡಿಕೆ. ಈ 36 ಪೈಸೆಯನ್ನು ದುಂಡಗೆ ಮಾಡಲು ನನಗೆ ಮನಸ್ಸಾಗಲಿಲ್ಲ.

ಆಗ ನಿಷೇಧ ಇರಲಿಲ್ಲ, ಅದನ್ನೂ ಹೇಳಬೇಕು. ಮಳೆಗೆ ಸಿಕ್ಕ ಗಡ್ಡೆ ಸಣ್ಣದಾಗಿತ್ತು, ಕೆಟ್ಟಿತ್ತು, ಆವಕವೂ ಹೆಚ್ಚಿತ್ತು. ಅದು ಮಳೆಯ ಮತ್ತು ಮಾರುಕಟ್ಟೆಯ ಏಟು, ದೆಹಲಿಯದಲ್ಲ. ಆದರೆ ಬೆಲೆ ಕಿಲೋಗೆ 100 ರೂಪಾಯಿ ಆದಾಗ ರಾತ್ರೋರಾತ್ರಿ ಹೊರಡುವ ಆದೇಶದ ಜೋಡಿ ಆದೇಶ, ಬೆಲೆ ಕಿಲೋಗೆ 2 ರೂಪಾಯಿ ಆದಾಗ ಹೊರಡುವುದಿಲ್ಲ. ಈರುಳ್ಳಿಗೆ ಕನಿಷ್ಠ ಬೆಂಬಲ ಬೆಲೆ ಇಲ್ಲ. ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆ. ಅದಕ್ಕೆ ರಾಜ್ಯ ಪ್ರಸ್ತಾವ ಕಳಿಸಬೇಕು, ಕೇಂದ್ರ ಒಪ್ಪಬೇಕು, ಖರೀದಿ ಕೇಂದ್ರ ತೆರೆಯಬೇಕು. ಹಸಿ ಗಡ್ಡೆಗೆ ಅಷ್ಟು ಆಯುಸ್ಸಿಲ್ಲ. ಮೇಲಕ್ಕೆ ಹೋಗುವ ಬೆಲೆಗೆ ಛಾವಣಿ ಹಾಕುತ್ತೀರಿ, ಕೆಳಗೆ ಬೀಳುವ ಬೆಲೆಗೆ ನೆಲ ಹಾಕುವುದಿಲ್ಲ. ಹೀಗಿರುವಾಗ ರೈತ ಒಳ್ಳೆ ವರ್ಷದಲ್ಲಿ ಗಳಿಸಿ ಕೆಟ್ಟ ವರ್ಷವನ್ನು ದಾಟುವುದು ಹೇಗೆ?

ಇನ್ನು ಹೊರದೇಶದ ಕೊಳ್ಳುವವರ ಮಾತು, ಚುಟುಕಾಗಿ. ನಮ್ಮ ಈರುಳ್ಳಿಗೆ ಬಾಂಗ್ಲಾದೇಶ ದೊಡ್ಡ ಗಿರಾಕಿಯಾಗಿತ್ತು. 2019ರ ನಿಷೇಧದ ನಂತರ ದೆಹಲಿಗೆ ಬಂದಿದ್ದ ಅಂದಿನ ಪ್ರಧಾನಿ ಶೇಖ್ ಹಸೀನಾ ಸಭೆಯೊಂದರಲ್ಲಿ ನಗುನಗುತ್ತಲೇ ದೂರಿದ್ದರು: ಅಡುಗೆಗೆ ಈರುಳ್ಳಿ ಹಾಕಬೇಡವೆಂದು ಅಡುಗೆಯವನಿಗೆ ಹೇಳಿದ್ದೇನೆ, ನೀವು ಮುಂಚೆಯೇ ತಿಳಿಸಿದ್ದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆವು ಎಂಬರ್ಥದಲ್ಲಿ. ಗಮನಿಸಿ, ಆಕೆ ಕೇಳಿದ್ದು ಮುನ್ಸೂಚನೆಯನ್ನು. ನಮ್ಮ ರೈತ ಕೇಳುವುದೂ ಅದನ್ನೇ. ಮರುವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಹಾಗೇ ಆಯಿತು. ಬಾಂಗ್ಲಾದೇಶ ತನ್ನದೇ ಬೆಳೆ ಹೆಚ್ಚಿಸಲು ಹೊರಟಿತು. ಈಗ ಅಲ್ಲಿನ ಬೆಳೆ ಬರುವ ಹೊತ್ತಿಗೆ ನಮ್ಮ ಈರುಳ್ಳಿಗೆ ಆಮದು ಪರವಾನಗಿ ಕೊಡುವುದನ್ನು ಅವರೇ ನಿಲ್ಲಿಸುತ್ತಾರೆ. ಉಳಿದ ಪೇಟೆಗಳಲ್ಲಿ ಪಾಕಿಸ್ತಾನ, ಚೀನಾ, ಈಜಿಪ್ಟಿನ ಗಡ್ಡೆ ಬಂದು ಕೂತಿದೆ. 2025ರ ಏಪ್ರಿಲ್ 1ರಿಂದ ನಮ್ಮ ರಫ್ತು ಸುಂಕ ಪೂರ್ತಿ ಹೋಯಿತು, ನಿಜ. ನಾವು ಅನುಮತಿ ಕೊಟ್ಟ ಕೂಡಲೇ ಗಿರಾಕಿ ಹಿಂತಿರುಗಿ ಬರಬೇಕೆಂದೇನೂ ಇಲ್ಲವಲ್ಲ.

ಹಾಗಾದರೆ ಪೇಟೆಯವರು 100 ರೂಪಾಯಿ ಕೊಟ್ಟು ತಿನ್ನಬೇಕೇ ಎಂದು ಯಾರಾದರೂ ರೇಗಬಹುದು. ಬೇಡ. ಕೂಲಿ ಮಾಡುವ ಮನೆಯಲ್ಲಿ ರೊಟ್ಟಿ ಜೊತೆ ನಂಚಿಕೊಳ್ಳಲು ಇರುವುದೇ ಒಂದು ಈರುಳ್ಳಿ. ಅವರ ಕಷ್ಟ ಸುಳ್ಳಲ್ಲ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಕಿಲೋಗೆ 200 ರೂಪಾಯಿ ಆಗಿತ್ತು. ಆ ವರ್ಷ ನೆರೆ, ಅತಿವೃಷ್ಟಿಗೆ ನಮ್ಮ ಬೆಳೆ ಕೊಚ್ಚಿಹೋಗಿತ್ತು. ಬೆಲೆ ಇತ್ತು, ಗಡ್ಡೆ ಇರಲಿಲ್ಲ. ಸರ್ಕಾರ ಟರ್ಕಿ, ಈಜಿಪ್ಟಿನಿಂದ ತರಿಸಿತು. ಹಡಗು ಬರುವಷ್ಟರಲ್ಲಿ ಹೊಸ ಬೆಳೆ ಬಂದು ಬೆಲೆ ಇಳಿದಿತ್ತು. ಆ ದಪ್ಪ ಗಡ್ಡೆಯ ರುಚಿ ನಮ್ಮವರಿಗೆ ಹಿಡಿಸಲಿಲ್ಲ. ರಾಜ್ಯಗಳು ಬೇಡವೆಂದವು. ಸಾವಿರಾರು ಟನ್ ಬಂದರಿನಲ್ಲೇ ಉಳಿಯಿತು. ಇಲ್ಲೂ ಅದೇ ತಪ್ಪು: ಹಳೆ ಬೆಲೆ ನೋಡಿ ಹೊರಡುವುದು, ಹೊಸ ಬೆಳೆ ಬಂದ ಮೇಲೆ ತಲುಪುವುದು. ಮುಂದೆ 2020ರ ಮಾರ್ಚ್ 15ಕ್ಕೆ ರಫ್ತು ನಿಷೇಧ ಎತ್ತಿದರು.

ಆಪತ್ಕಾಲಕ್ಕೆಂದು ಸರ್ಕಾರವೂ ಈರುಳ್ಳಿ ದಾಸ್ತಾನು ಇಡುತ್ತದೆ. 2023ರಲ್ಲಿ ಅದನ್ನು 5 ಲಕ್ಷ ಟನ್ನಿಗೆ ಏರಿಸಿದರು. ಕಿಲೋಗೆ 25 ರೂಪಾಯಿಯಂತೆ ಗಾಡಿಗಳಲ್ಲಿಟ್ಟು ಮಾರಿದರು. ಒಳ್ಳೆಯ ಕೆಲಸ. ಆದರೆ ದೇಶ ತಿಂಗಳಿಗೆ 10 ಲಕ್ಷ ಟನ್ನಿಗೂ ಹೆಚ್ಚು ತಿನ್ನುತ್ತದೆ. ಆ ದಾಸ್ತಾನು ಹದಿನೈದು ದಿನಕ್ಕೂ ಸಾಲದು, ಅದರಲ್ಲೂ ಒಂದಷ್ಟು ಕೊಳೆಯುತ್ತದೆ. ಇದು ಹಿಂಗಾರು ಗಡ್ಡೆಗೆ ಹೊಂದುವ ಏರ್ಪಾಟು. ನಮ್ಮ ಮುಂಗಾರು ಗಡ್ಡೆಯನ್ನು ಇದರಲ್ಲಿಡಲು ಬರುವುದಿಲ್ಲ. ಹಾಗಾಗಿ ಕರ್ನಾಟಕದ ರೈತನಿಗೆ ದಾಸ್ತಾನಿನಿಂದ ಬರುವ ಲಾಭ ಕಡಿಮೆ, ಅದೇ ದಾಸ್ತಾನು ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದಾಗ ಆಗುವ ನಷ್ಟ ಹೆಚ್ಚು.

ನಿಷೇಧವೇ ಬೇಡ ಎನ್ನುವ ವಾದ ನನ್ನದಲ್ಲ. ಸುಂಕ ಹಾಕುವುದಾದರೆ ಹಾಕಲಿ. ಸಗಟು ಬೆಲೆ ಇಷ್ಟು ದಾಟಿದರೆ ಇಷ್ಟು ಸುಂಕ, ಇಷ್ಟಕ್ಕಿಂತ ಕೆಳಗೆ ಬಿದ್ದರೆ ಖರೀದಿ ಎಂದು ಬೀಜ ಕೊಳ್ಳುವ ಮುಂಚೆಯೇ ಹೇಳಿಬಿಡಲಿ. ಆಗ ರೈತ ಎರಡು ಎಕರೆ ಹಾಕಬೇಕೋ ಒಂದು ಎಕರೆ ಸಾಕೋ, ಪಕ್ಕದ ಹೊಲಕ್ಕೆ ಮೆಕ್ಕೆಜೋಳ ಬಿತ್ತಬೇಕೋ, ತಾನೇ ಲೆಕ್ಕ ಹಾಕುತ್ತಾನೆ. ಮಳೆಯ ಲೆಕ್ಕ ಅವನಿಗೆ ತಪ್ಪಬಹುದು. ಸರ್ಕಾರದ ಲೆಕ್ಕವಾದರೂ ತಿಳಿದಿರುತ್ತದೆ.

2024ರ ಲೋಕಸಭಾ ಚುನಾವಣೆಯಲ್ಲಿ ಲಾಸಲಗಾಂವ್ ಇರುವ ದಿಂಡೋರಿ ಕ್ಷೇತ್ರದಲ್ಲಿ ಕೇಂದ್ರದ ರಾಜ್ಯ ಸಚಿವೆಯೊಬ್ಬರು ಸೋತರು. ಮತದಾನಕ್ಕೆ ಸುಮಾರು ಎರಡು ವಾರ ಮುಂಚೆ, ಮೇ 4ಕ್ಕೆ, ನಿಷೇಧ ಎತ್ತಿದ್ದರು, ಅದರ ಜಾಗಕ್ಕೆ ಸುಂಕ ಮತ್ತು ಕನಿಷ್ಠ ರಫ್ತು ಬೆಲೆ ಹಾಕಿದ್ದರು. ರೈತರ ಸಿಟ್ಟು ಇಳಿಯಲಿಲ್ಲ ಎಂದು ಪತ್ರಿಕೆಗಳು ಬರೆದವು. ಆ ಸೆಪ್ಟೆಂಬರಿನಲ್ಲಿ, ಮಹಾರಾಷ್ಟ್ರ ವಿಧಾನಸಭಾ ಚುನಾವಣೆ ಹತ್ತಿರವಾದಾಗ, ಸುಂಕ ಅರ್ಧವಾಯಿತು, ಕನಿಷ್ಠ ರಫ್ತು ಬೆಲೆ ಹೋಯಿತು. ಕೊಳ್ಳುವವರ ಓಟಿನಂತೆ ಬೆಳೆಯುವವರ ಓಟೂ ಎಣಿಕೆಗೆ ಬರುತ್ತದೆ ಎಂದು ಅಲ್ಲಿ ಗೊತ್ತಾಯಿತು. ಆದರೆ ಸುಂಕ ಇಳಿದದ್ದೂ ಏರಿದ್ದೂ ಚುನಾವಣೆಯ ಪಂಚಾಂಗ ನೋಡಿಯೇ, ಬಿತ್ತನೆಯ ಪಂಚಾಂಗ ನೋಡಿ ಅಲ್ಲ. ಕೃಷಿಯ ಹೆಸರಿನಲ್ಲಿ ಪಕ್ಷಗಳು ಪ್ರಣಾಳಿಕೆಯಲ್ಲಿ ಎಷ್ಟೋ ಪುಟ ಬರೆಯುತ್ತವೆ. ರಫ್ತಿನ ನಿಯಮ ಬದಲಿಸುವುದಾದರೆ ಎಷ್ಟು ತಿಂಗಳ ಮುಂಚೆ ತಿಳಿಸುತ್ತೀರಿ ಎಂದು ನಿಮ್ಮೂರಿಗೆ ಓಟು ಕೇಳಲು ಬಂದವರನ್ನು ಒಮ್ಮೆ ಕೇಳಿ ನೋಡಿ. ಆಳುವ ಪಕ್ಷದವರನ್ನೂ ಕೇಳಿ, ವಿರೋಧ ಪಕ್ಷದವರನ್ನೂ ಕೇಳಿ.